ಎರಡು ಸಾಲು ಬರೆಯುವಷ್ಟರಲ್ಲಿ ಮಗುವಿನ ಕೈ ನೋಯುತ್ತಿದ್ದರೆ

ಐದು ವರ್ಷದ ಮಗ ಎರಡು ಸಾಲು ಬರೆದು ಕೈ ನೋವು ಅನ್ನುತ್ತಾನೆ, ದಿನಾ ಇನ್ನೊಂದು ಪುಟ ಕಾಪಿ ಬರೆಸಿದರೆ ಬಲ ಬರುತ್ತಾ ಅಂತ ಕೇಳಿದ್ದೀರಿ. ನಾನೂ ಅದನ್ನೇ ಮಾಡಿದ್ದೆ. ಬಲ ಬರಲಿಲ್ಲ. ಪುಸ್ತಕ ತೆಗೆದರೆ ಸಾಕು, ಮಗಳು ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದಳು.

ಒಂದು ದಿನ ಸುಮ್ನೆ ಪಕ್ಕದಲ್ಲಿ ಕೂತು ಅವಳ ಕೈ ನೋಡಿದೆ. ಉಗುರಿನ ತುದಿ ಬೆಳ್ಳಗಾಗುವಷ್ಟು ಬಿಗಿಯಾಗಿ ಪೆನ್ಸಿಲ್ ಹಿಡಿದಿದ್ದಳು. ಹೆಬ್ಬೆರಳು ತೋರುಬೆರಳಿನ ಮೇಲೆ ಹತ್ತಿ ಕೂತಿತ್ತು. ಬೆರಳು ಅಲ್ಲಾಡುತ್ತಲೇ ಇರಲಿಲ್ಲ, ಒಂದು ಅಕ್ಷರ ಸುತ್ತಲು ಇಡೀ ತೋಳು ಸುತ್ತುತ್ತಿತ್ತು. ನೋಯದೆ ಇರುತ್ತಾ?

ಕಾಪಿ ಬರೆಸುವುದನ್ನು ನಿಲ್ಲಿಸಿದೆ. ಕ್ರೆಯಾನ್‌ಗಳನ್ನೆಲ್ಲ 2-3 ಸೆಂಟಿಮೀಟರ್ ತುಂಡು ಮಾಡಿದೆ. (ಹೊಸ ಡಬ್ಬಿ ಮುರಿದೆ ಅಂತ ಅತ್ತಿದ್ದೇ ಅತ್ತಿದ್ದು.) ಅಷ್ಟು ಚಿಕ್ಕದನ್ನು ಮುಷ್ಟಿಯಲ್ಲಿ ಹಿಡಿದು ಗೀಚಲು ಆಗುವುದಿಲ್ಲ. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ತಾವೇ ಮುಂದೆ ಬರುತ್ತವೆ. ಉಂಗುರ ಬೆರಳು, ಕಿರುಬೆರಳು ಮಡಚಿಕೊಂಡಿರಲಿ ಅಂತ ಅವುಗಳ ಕೆಳಗೆ ಒಂದು ಹತ್ತಿ ಉಂಡೆ ಇಟ್ಟೆ. ಅದಕ್ಕೆ ಗುಬ್ಬಿಮರಿ ಅಂತ ಅವಳೇ ಹೆಸರಿಟ್ಟಳು, ಬೀಳಿಸುತ್ತಿರಲಿಲ್ಲ. ಹಾಳೆಯನ್ನು ಗೋಡೆಗೆ, ಅವಳ ಕಣ್ಣಿನ ಎತ್ತರಕ್ಕೆ ಅಂಟಿಸಿದೆ. ನಿಂತು ಬಿಡಿಸುವಾಗ ಮಣಿಕಟ್ಟು ತಾನಾಗಿ ಹಿಂದಕ್ಕೆ ಬಾಗುತ್ತದೆ. ಬರೆಯುವಾಗ ಬೇಕಾದದ್ದೂ ಅದೇ.

ಗೋಡೆಯ ಮೇಲೆ ಬಿಡಿಸಿದರೆ ಭುಜಕ್ಕೂ ಕೆಲಸ. ಭುಜ ಗಟ್ಟಿ ಇಲ್ಲದಿದ್ದರೆ ಬೆರಳು ಹಿಡಿತಕ್ಕೆ ಬರುವುದು ಕಷ್ಟವಾಗಬಹುದು, ಇದನ್ನು ತುಂಬಾ ಜನ ಮರೆಯುತ್ತಾರೆ. ನಾನು ಅವಳ ಕಾಲು ಎತ್ತಿ ಹಿಡಿಯುವುದು, ಅವಳು ಕೈ ಊರಿ ನಡೆಯುವುದು, ಇದು ನಮ್ಮ ಸಂಜೆಯ ಆಟವಾಯಿತು. ಬೆರಳಿಗೆ ಅಂತ ಜೇಡಿಮಣ್ಣು ಹಿಸುಕುವುದು, ಬಟ್ಟೆ ಕ್ಲಿಪ್ ಒತ್ತುವುದು, ಸ್ಪ್ರೇ ಬಾಟಲಿಯಿಂದ ಗಿಡಕ್ಕೆ ನೀರು ಹೊಡೆಯುವುದು. ಯಾವುದಾದರೂ ಒಂದು, ದಿನಕ್ಕೆ ಹತ್ತು ನಿಮಿಷ. ಜಾಸ್ತಿ ಮಾಡಿಸಿದರೆ ಅದೂ ಕಾಪಿಯಂತೆಯೇ ಆಗಿಬಿಡುತ್ತದೆ.

ವಾರದಲ್ಲಿ ಫಲ ಕಾಣುವುದಿಲ್ಲ. ನಮಗೆ ಮೂರು ತಿಂಗಳು ಹಿಡಿಯಿತು. ಮಣಿಕಟ್ಟಿನಲ್ಲಿ ಎಂಟು ಸಣ್ಣ ಮೂಳೆಗಳಿವೆ. ಹುಟ್ಟುವಾಗ ಸಾಮಾನ್ಯವಾಗಿ ಎಂಟೂ ಮೆದುವಾಗಿಯೇ ಇರುತ್ತವೆ, ಒಂದೊಂದಾಗಿ ಗಟ್ಟಿಯಾಗುತ್ತಾ ಬರುತ್ತವೆ. ಕೊನೆಯದರ ಸರದಿ ಬರುವಷ್ಟರಲ್ಲಿ ಮಗುವಿಗೆ ಸುಮಾರು 9-12 ವರ್ಷ. ಐದಕ್ಕೇ ಅವಸರ ಯಾಕೆ, ಅಲ್ವಾ?

ಆದರೆ ಬರೆಯದಿದ್ದಾಗಲೂ ಕೈ ನೋಯುತ್ತಿದ್ದರೆ, ಒಂದು ಕೈ ಇನ್ನೊಂದಕ್ಕಿಂತ ತೀರಾ ಸೋತಿದ್ದರೆ, ದೊಡ್ಡ ಗುಂಡಿ ಹಾಕಿಕೊಳ್ಳಲೂ ಒದ್ದಾಡುತ್ತಿದ್ದರೆ, ಮನೆಯ ಆಟಗಳನ್ನೇ ನಂಬಿ ಕೂರಬೇಡಿ. ಮಕ್ಕಳ ವೈದ್ಯರಿಗೆ ತೋರಿಸಿ, ಅವರು ಆಕ್ಯುಪೇಷನಲ್ ಥೆರಪಿಸ್ಟ್ (ಬರೆಯುವುದು, ಬಟ್ಟೆ ಹಾಕಿಕೊಳ್ಳುವುದು ಮುಂತಾದ ದಿನನಿತ್ಯದ ಕೆಲಸಗಳನ್ನು ಅಭ್ಯಾಸ ಮಾಡಿಸುವ ತಜ್ಞರು) ಹತ್ತಿರ ಕಳಿಸಬಹುದು.

ಇನ್ನೊಂದು. ಮೂರು ಬೆರಳಲ್ಲೇ ಹಿಡಿಯಬೇಕು ಅಂತ ಹಟ ಬೇಡ. ನಾಲ್ಕು ಬೆರಳಲ್ಲಿ ಹಿಡಿದರೂ ನೋವಿಲ್ಲದೆ, ಓದಲು ಬರುವಂತೆ ಬರೆದರೆ ಬಿಟ್ಟುಬಿಡಿ. ನನ್ನ ಮಗಳು ಈಗಲೂ ಹಿಡಿಯುವುದು ಹಾಗೆಯೇ.