ರ‍್ಯಾಂಪ್ ಇದ್ದರೂ ವೀಲ್‌ಚೇರ್ ಹತ್ತದಿದ್ದರೆ

ಮನೆ ಜಗಲಿಗೆ ರ‍್ಯಾಂಪ್ (ಇಳಿಜಾರು ದಾರಿ) ಇದ್ದರೂ ತಮ್ಮ ವೀಲ್‌ಚೇರ್‌ನಲ್ಲಿ ಒಬ್ಬರೇ ಹತ್ತಲಾಗುತ್ತಿಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ. ಒಂದೂವರೆ ಅಡಿ ಎತ್ತರದ ಜಗಲಿಗೆ ಆರಡಿ ಉದ್ದದ ರ‍್ಯಾಂಪ್ ತೀರಾ ಕಡಿದಾಯಿತು. ನಿಮ್ಮ ತಮ್ಮ ಒಬ್ಬರೇ ಹತ್ತಲಾಗದ್ದಕ್ಕೆ ಬಹುಶಃ ಇದೇ ಕಾರಣ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು, ಅಂದರೆ ನಿಮಗೆ 18 ಅಡಿ. ಅಂಗಳ ಸಾಲದಿದ್ದರೆ ನಡುವೆ ತಿರುವು ಕೊಡಿ. ತಿರುವಿನಲ್ಲೂ ಬಾಗಿಲ ಮುಂದೆಯೂ 5 ಅಡಿ ಚೌಕದ ಸಮತಟ್ಟು ಜಾಗ ಬಿಡಲೇಬೇಕು, ಇಲ್ಲದಿದ್ದರೆ ಬಾಗಿಲು ತೆಗೆಯುವಾಗ ಕುರ್ಚಿ ಹಿಂದಕ್ಕೆ ಜಾರುತ್ತದೆ. ಅಗಲ 4 ಅಡಿ. ಮೇಲ್ಮೈ ಒರಟಾಗಿರಲಿ, ಟೈಲ್ಸ್ ಬೇಡವೇ ಬೇಡ.

ಖರ್ಚಿಗೆ ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಾಣಿ. ಅಂಗವಿಕಲರಿಗೆ ಮೀಸಲಾದ ಶೇ 5ರ ನಿಧಿಯಿಂದ ನೆರವು ಕೋರಿ, ಯುಡಿಐಡಿ ಕಾರ್ಡಿನ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಪ್ರತಿ, ಅಂದಾಜು ವೆಚ್ಚ ಲಗತ್ತಿಸಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಅರ್ಜಿ ಕೊಡಿ. ಮಂಜೂರಾತಿ ಪಂಚಾಯಿತಿಗೆ ಬಿಟ್ಟದ್ದು, ಖಾತ್ರಿ ಹೇಳಲಾಗದು. ಅರ್ಜಿ ಕೊಟ್ಟದ್ದಕ್ಕೆ ಸ್ವೀಕೃತಿ ಪತ್ರ ಮಾತ್ರ ತಪ್ಪದೆ ಪಡೆಯಿರಿ.