ಡ್ರೆಸ್ಸಿಂಗ್ ನೋಡುವಾಗ ಕಣ್ಣು ಕತ್ತಲೆ ಬಂದರೆ

ವಾರ್ಡ್ ತರಬೇತಿಯಲ್ಲಿ ಗಾಯದ ಬ್ಯಾಂಡೇಜ್ ಬಿಚ್ಚುವಾಗ ಎರಡು ಸಲ ಕುಸಿದೆ, ಏನು ಮಾಡಲಿ ಅಂತ ಕೇಳಿದ್ದೀರಿ. ಅದು ಬಹುಶಃ ವೇಸೊವೇಗಲ್ ಸಿಂಕೊಪಿ, ಅಂದರೆ ನಾಡಿ, ಬಿಪಿ ಇದ್ದಕ್ಕಿದ್ದಂತೆ ಇಳಿದು ಸ್ವಲ್ಪ ಹೊತ್ತು ಪ್ರಜ್ಞೆ ತಪ್ಪುವುದು. ಮೊದಲು ಬೆವರು, ಕಿವಿಯಲ್ಲಿ ಗುಂಯ್ ಸದ್ದು, ಆಮೇಲೆ ಕಣ್ಣು ಕತ್ತಲೆ ಅಂತ ಬರೆದಿದ್ದೀರಿ. ಈ ಕ್ರಮ ಅದಕ್ಕೇ ಹೊಂದುತ್ತದೆ. ರಕ್ತ ಕಂಡಾಗ ನಾಡಿ ನಿಧಾನವಾಗಿ, ರಕ್ತನಾಳ ಸಡಿಲವಾಗಿ ಬಿಪಿ ಇಳಿಯುತ್ತದೆ. ಅಲುಗಾಡದೆ ತುಂಬಾ ಹೊತ್ತು ನಿಂತರೆ ರಕ್ತ ಕಾಲಲ್ಲೇ ಉಳಿಯುತ್ತದೆ, ಅದೂ ಸೇರಿಕೊಳ್ಳುತ್ತದೆ. ಧೈರ್ಯ ಕಮ್ಮಿ ಅಂತ ಖಂಡಿತ ಅಲ್ಲ. ನನಗೂ ಸರ್ಜರಿ ವಿಭಾಗದ ಪೋಸ್ಟಿಂಗ್‌ನಲ್ಲಿ ಹೀಗೇ ಆಗುತ್ತಿತ್ತು.

ಬೆಳಿಗ್ಗೆ ತಿಂಡಿ ಬಿಡಬೇಡಿ, ನೀರು ಚೆನ್ನಾಗಿ ಕುಡಿದು ಹೋಗಿ. ನಿಂತಾಗ ಮಂಡಿ ಬಿಗಿ ಹಿಡಿಯಬೇಡಿ, ಆಗಾಗ ಹಿಮ್ಮಡಿ ಎತ್ತಿ ಇಳಿಸಿ. ಬ್ಯಾಂಡೇಜ್ ಬಿಚ್ಚುವ ಮೊದಲೇ ತೊಡೆ, ಹೊಟ್ಟೆ, ಕೈಗಳನ್ನು 10-15 ಸೆಕೆಂಡ್ ಗಟ್ಟಿ ಮಾಡಿ. ಮುಖ ಬೆಚ್ಚಗಾಯಿತು ಅನ್ನಿಸಿದಾಗ ಸಡಿಲ ಬಿಡಿ. 20-30 ಸೆಕೆಂಡ್ ಬಿಟ್ಟು ಮತ್ತೆ ಮಾಡಿ, ಒಟ್ಟು ಐದು ಸಲ. ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗವಾಗಿದ್ದು ಇದೇ. ಕೋಟಿನ ಒಳಗೆ ಮಾಡಿದರೆ ಪಕ್ಕದವರಿಗೂ ಗೊತ್ತಾಗುವುದಿಲ್ಲ. ಮನೆಯಲ್ಲಿ ಒಂದು ವಾರ ಅಭ್ಯಾಸ ಮಾಡಿ, ಆಮೇಲೆ ವಾರ್ಡಿನಲ್ಲಿ ತಾನಾಗೇ ಬರುತ್ತದೆ.

ಬೆವರು ಶುರುವಾದ ಕೂಡಲೇ ನೆಲದ ಮೇಲಾದರೂ ಸರಿ, ಕೂತುಬಿಡಿ. ಸಂಕೋಚಪಟ್ಟು ಬಾಗಿಲ ಕಡೆ ನಡೆಯಬೇಡಿ. ದಾರಿಯಲ್ಲಿ ಬಿದ್ದರೆ ತಲೆಗೆ ಪೆಟ್ಟಾಗುತ್ತದೆ, ಅಲ್ವಾ? "ಸಿಸ್ಟರ್, ನನಗೆ ತಲೆ ಸುತ್ತಬಹುದು" ಅಂತ ಮೊದಲೇ ಹೇಳಿಡಿ. ಗೋಡೆ ಪಕ್ಕ ಒಂದು ಸ್ಟೂಲ್ ಹಾಕಿಕೊಡುತ್ತಾರೆ.

ಪರೀಕ್ಷೆ ಮಾಡದೆ ಇದೇ ಅಂತ ಖಚಿತವಾಗಿ ಹೇಳಲು ಆಗುವುದಿಲ್ಲ. ಓಡುವಾಗ ಅಥವಾ ಮಲಗಿದ್ದಾಗ ಪ್ರಜ್ಞೆ ತಪ್ಪಿದ್ದರೆ, ಎದೆಬಡಿತ ಏರುಪೇರಾಗಿದ್ದರೆ, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೇ ಇದ್ದಕ್ಕಿದ್ದಂತೆ ತೀರಿಕೊಂಡಿದ್ದರೆ, ಈ ಅಭ್ಯಾಸಕ್ಕೆಲ್ಲ ಕಾಯದೆ ಮೊದಲು ವೈದ್ಯರಿಗೆ ತೋರಿಸಿ, ಇಸಿಜಿ ಮಾಡಿಸಿ.