ಕರೆ ಬಂದಾಗಿದೆ, ಬಾಗಿಲಿನ ಕಿಂಡಿಯಿಂದ

ತಂಗಿ, ಅಕ್ಕ ಎಂದು ಕರೆದು ಬರೆದಿದ್ದೀಯ, ಹಾಗಾಗಿ ಏಕವಚನದಲ್ಲೇ ಉತ್ತರಿಸುತ್ತಿದ್ದೇನೆ. ಶಿವಮೊಗ್ಗದಿಂದ ಇಂಗ್ಲೆಂಡಿನ ಲಿಂಕನ್‌ಗೆ ಬಂದು ಮೂರು ತಿಂಗಳಾಯಿತು, ನವೆಂಬರ್ ಕಳೆಯುತ್ತಿದ್ದಂತೆ ಬಾಗಿಲಿನ ಅಂಚೆ ಕಿಂಡಿಯಿಂದ ದಿನಕ್ಕೊಂದು ಕಾಗದ ಒಳಗೆ ಬೀಳುತ್ತಿದೆ, ಮಗನ ಶಾಲಾ ಚೀಲದಲ್ಲೂ ಒಂದೆರಡು ಇರುತ್ತವೆ ಎಂದಿದ್ದೀಯ. ಇವುಗಳಲ್ಲಿ ನಮಗೆ ಸಂಬಂಧಿಸಿದ್ದು ಯಾವುದು, ನಾವು ಕ್ರೈಸ್ತರಲ್ಲ, ಯಾರೂ ಕರೆದಿಲ್ಲ, ಹೋದರೆ ಏನೆಂದುಕೊಂಡಾರು ಎಂದು ಕೇಳಿದ್ದೀಯ. ಇದೇ ಊರಿನಲ್ಲಿ ಹದಿನೇಳು ಕ್ರಿಸ್‌ಮಸ್ ಕಂಡವಳು ನಾನು. ನಿನ್ನ ಪತ್ರ ಓದುವಾಗ ನನ್ನ ಮೊದಲ ಡಿಸೆಂಬರ್ ಕಣ್ಣೆದುರು ಬಂದು ನಿಂತಿತು.

‘ಯಾರೂ ಕರೆದಿಲ್ಲ’ ಎಂದಿದ್ದೀಯಲ್ಲ, ಮೊದಲು ಅದಕ್ಕೇ ಬರುತ್ತೇನೆ. ನಮ್ಮಲ್ಲಿ ಕರೆಯುವುದು ಎಂದರೆ ಮನೆಗೆ ಬರಬೇಕು. ಬೆಳ್ಳಿ ಬಟ್ಟಲಿನಲ್ಲಿ ಕುಂಕುಮ, ಅಕ್ಷತೆ ಹಿಡಿದು, ಒಳಗೆ ಬಂದು ಒಂದು ಗಳಿಗೆ ಕೂತು, ‘ಮನೆಮಂದಿಯೆಲ್ಲ ಬರಬೇಕು, ಎರಡು ದಿನ ಮೊದಲೇ ಬಂದು ನಿಂತು ನಡೆಸಿಕೊಡಬೇಕು’ ಎಂದು ಬಾಯಿ ಬಿಟ್ಟು ಹೇಳಬೇಕು. ಪತ್ರಿಕೆ ಬರೀ ಅಂಚೆಯಲ್ಲಿ ಬಂದರೆ ಕಾಟಾಚಾರಕ್ಕೆ ಕಳಿಸಿದ್ದಾರೆ ಎಂದು ಹಿರಿಯರು ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಇಲ್ಲಿಯವರ ಮರ್ಯಾದೆ ಬೇರೆ. ಬಾಗಿಲು ತಟ್ಟಿ ಎದುರು ನಿಂತು ಕರೆದರೆ ಪಾಪ, ಆ ಮನುಷ್ಯನಿಗೆ ಒಲ್ಲೆ ಎನ್ನಲು ಕಷ್ಟವಾದೀತು ಎಂದು ಇವರು ಯೋಚಿಸುತ್ತಾರೆ. ಕಾಗದ ಹಾಕಿ ಹೋದರೆ ಮನಸ್ಸಿದ್ದವರು ಬರುತ್ತಾರೆ, ಇಲ್ಲದವರಿಗೆ ಮುಜುಗರವಿಲ್ಲ. ಆ ಕಾಗದವೇ ಕರೆ. ಅದರ ಮೇಲೆ ನಿನ್ನ ಹೆಸರಿಲ್ಲ ಎಂದು ಕಾಯುತ್ತಾ ಕೂತರೆ ಯಾರೂ ಬರುವುದಿಲ್ಲ.

ಇದನ್ನು ನಾನು ಕಲಿತದ್ದು ಒಂದು ನೋವಿನಿಂದ. 2008ರ ಡಿಸೆಂಬರ್‌ನಲ್ಲಿ ನಮ್ಮ ಬಾಗಿಲಿನ ಒಳಗೆ ಅಂಗೈಯಷ್ಟಗಲದ ಚೀಟಿಯೊಂದು ಬಿದ್ದಿತ್ತು. ನೀಲಿ ಶಾಯಿಯ ಕೈಬರಹ, ಮೂಲೆಯಲ್ಲಿ ಹಸಿರು ಪೆನ್ನಿನಿಂದ ಬರೆದ ಎರಡು ಎಲೆ. ‘14ನೇ ನಂಬರ್ ಮನೆ, ಇಪ್ಪತ್ಮೂರರ ಸಂಜೆ ನಾಲ್ಕರಿಂದ ಆರು, ಬೀದಿಯವರೆಲ್ಲ ಬನ್ನಿ’ ಎಂದಷ್ಟೇ ಇತ್ತು. ಅದು ಹಳೆಯ ಪರಿಚಯದವರಿಗೆ ಹಾಕಿದ್ದು, ತಪ್ಪಿ ನಮಗೂ ಬಂದಿದೆ ಎಂದುಕೊಂಡೆ. ಆ ಸಂಜೆ ಪರದೆ ಸರಿಸಿ ಎದುರು ಮನೆಯ ದೀಪ ನೋಡುತ್ತಾ ಕೂತಿದ್ದೆ. ಆರು ಗಂಟೆಗೆ ಒಬ್ಬೊಬ್ಬರಾಗಿ ಹೊರಟರು. ಜನವರಿಯಲ್ಲಿ ಆ ಮನೆಯ ಅಜ್ಜಿ ಬಸ್ ನಿಲ್ದಾಣದಲ್ಲಿ ಸಿಕ್ಕಿ, ‘ನಿಮ್ಮಿಬ್ಬರಿಗಾಗಿ ಮಾಂಸವಿಲ್ಲದ್ದನ್ನು ಬೇರೆ ತಟ್ಟೆಯಲ್ಲಿ ಮುಚ್ಚಿಟ್ಟಿದ್ದೆ, ನನ್ನ ಚೀಟಿ ಸಿಗಲಿಲ್ಲವೇ?’ ಎಂದರು. ನನಗೆ ಮಾತು ಹೊರಡಲಿಲ್ಲ. ಮುಂದಿನ ವರ್ಷ ಅವರು ಮಗಳ ಊರಿಗೆ ಹೋಗಿಬಿಟ್ಟಿದ್ದರು. ಆ ತಟ್ಟೆಯ ಋಣ ನನ್ನ ಮೇಲೆ ಹಾಗೇ ಉಳಿಯಿತು. ನಿನಗೆ ಹಾಗಾಗಬಾರದು ಎಂದೇ ಇಷ್ಟುದ್ದ ಬರೆಯುತ್ತಿದ್ದೇನೆ.

ಈಗ ಬಿದ್ದ ಕಾಗದಗಳನ್ನೆಲ್ಲ ಮೇಜಿನ ಮೇಲೆ ಹರಡಿಕೋ. ನಗರಸಭೆಯಿಂದ ಬಂದದ್ದನ್ನು ಮೊದಲು ತೆಗೆದು ಫ್ರಿಜ್‌ನ ಬಾಗಿಲಿಗೆ ಅಂಟಿಸು. ಡಿಸೆಂಬರ್ 25 ಮತ್ತು 26 ಸಾರ್ವತ್ರಿಕ ರಜೆ, ಅವು ಶನಿವಾರ ಭಾನುವಾರ ಬಿದ್ದರೆ ಮುಂದಿನ ಕೆಲಸದ ದಿನಗಳಿಗೆ ರಜೆ ಸರಿಯುತ್ತದೆ. ಅದರೊಂದಿಗೆ ಕಸ ಒಯ್ಯುವ ದಿನವೂ ಬದಲಾಗುತ್ತದೆ. ಅಂದು ತಪ್ಪಿದರೆ ಹಬ್ಬದ ಕಸವೆಲ್ಲ ವಾರಗಟ್ಟಲೆ ಹಿತ್ತಲಲ್ಲೇ. ವೈದ್ಯರ ಕ್ಲಿನಿಕ್ಕಿನ ಗೋಡೆಯ ಸೂಚನೆಯನ್ನೂ ಓದು. ದಿನನಿತ್ಯದ ಮಾತ್ರೆ ಇದ್ದವರು ಡಿಸೆಂಬರ್ ಮಧ್ಯದಲ್ಲೇ ತಂದಿಟ್ಟುಕೊಳ್ಳಬೇಕು, ಮಗುವಿನ ಜ್ವರದ ಔಷಧಿಯೂ ಮನೆಯಲ್ಲಿರಲಿ. ಕ್ಲಿನಿಕ್ ಮುಚ್ಚಿದ್ದಾಗ 111ಕ್ಕೆ ಫೋನ್ ಮಾಡಿದರೆ ಏನು ಮಾಡಬೇಕೆಂದು ಹೇಳುತ್ತಾರೆ. ಜೀವಕ್ಕೆ ಅಪಾಯವಿದ್ದರೆ ಮಾತ್ರ 999.

ಇಪ್ಪತ್ತೈದರಂದು ರೈಲು ಓಡುವುದಿಲ್ಲ, ಈ ಊರಿನಲ್ಲಿ ಬಸ್ಸೂ ಇಲ್ಲ. ಇಪ್ಪತ್ತಾರಕ್ಕೂ ರೈಲನ್ನು ನಂಬಬೇಡ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 280 ಚದರ ಮೀಟರಿಗಿಂತ ದೊಡ್ಡ ಅಂಗಡಿಗಳು ಕ್ರಿಸ್‌ಮಸ್ ದಿನ ತೆರೆಯಲೇಬಾರದು ಎಂದು 2004ರಲ್ಲಿ ಕಾನೂನೇ ಆಗಿದೆ. ಹಾಲು, ಮೊಸರು, ಕೊತ್ತಂಬರಿಸೊಪ್ಪು ಎಲ್ಲವನ್ನೂ ಇಪ್ಪತ್ಮೂರಕ್ಕೇ ತಂದಿಡು. ಆ ದಿನದ ಮೌನ ನಿನಗೆ ಹೊಸದು. ಮಧ್ಯಾಹ್ನ ನಾಲ್ಕಕ್ಕೆ ಮೊದಲೇ ಕತ್ತಲಾಗುತ್ತದೆ, ರಸ್ತೆಯಲ್ಲಿ ಒಂದು ಕಾರೂ ಇರುವುದಿಲ್ಲ. ನಮ್ಮ ಹಬ್ಬದ ಗದ್ದಲ ಬೀದಿಯಲ್ಲಿ, ಇವರ ಹಬ್ಬ ಮುಚ್ಚಿದ ಬಾಗಿಲಿನ ಒಳಗೆ. ಬೀದಿಯ ಹಬ್ಬವೆಲ್ಲ ಇದರ ಹಿಂದಿನ ನಾಲ್ಕು ವಾರಗಳಲ್ಲೇ ಮುಗಿದಿರುತ್ತದೆ, ಆದ್ದರಿಂದಲೇ ಈಗಲೇ ಹೊರಡು ಎನ್ನುತ್ತಿದ್ದೇನೆ.

ಶಾಲೆಯ ಚೀಟಿಗೆ ತಡ ಮಾಡದೆ ಉತ್ತರ ಬರೆ. ನಿನ್ನ ಮಗ ಯೇಸುವಿನ ಜನನದ ನಾಟಕದಲ್ಲಿ ಕುರುಬ ಎಂದಿದ್ದೀಯ. ವೇಷಕ್ಕೆ ದುಡ್ಡು ಸುರಿಯಬೇಡ. ಒಂದು ಉದ್ದನೆಯ ಅಂಗಿ, ತಲೆಗೆ ಪಾತ್ರೆ ಒರೆಸುವ ಚೌಕುಳಿ ಬಟ್ಟೆ, ಅದರ ಮೇಲೊಂದು ಪಟ್ಟಿ. ಇಂಗ್ಲೆಂಡಿನ ಕುರುಬರೆಲ್ಲ ತಲೆಮಾರುಗಳಿಂದ ಹೀಗೇ ವೇದಿಕೆ ಹತ್ತಿದ್ದಾರೆ. ನೋಡಲು ಮನೆಗೆ ಎರಡೇ ಟಿಕೆಟ್ ಕೊಡುವ ಶಾಲೆಗಳುಂಟು, ಬೇಗ ಕೇಳು. ಪೂಜೆ, ಪ್ರಾರ್ಥನೆಗಳಿಗೆ ಮಗುವನ್ನು ಕಳಿಸದಿರುವ ಹಕ್ಕು ಪೋಷಕರಿಗೆ ಇದೆ, ನಿನ್ನ ಮನಸ್ಸು ಒಪ್ಪದಿದ್ದರೆ ಶಿಕ್ಷಕಿಗೆ ನೇರವಾಗಿ ಹೇಳಬಹುದು, ಯಾರೂ ಬೇಸರಪಡುವುದಿಲ್ಲ. ನನ್ನ ಮಗಳು ಒಂದು ವರ್ಷ ನಕ್ಷತ್ರವಾಗಿದ್ದಳು. ಇಪ್ಪತ್ತು ನಿಮಿಷ ಕೈ ಚಾಚಿ ಅಲುಗಾಡದೆ ನಿಂತ ಆ ಮಗುವನ್ನು ನೆನೆದರೆ ಈಗಲೂ ಗಂಟಲು ತುಂಬುತ್ತದೆ.

ನೀನು ಅರ್ಥವಾಗಲಿಲ್ಲ ಎಂದು ಕೇಳಿದ ‘ಕ್ರಿಸ್ಟಿಂಗಲ್’ ಕಾಗದಕ್ಕೆ ಬರುತ್ತೇನೆ, ಮಕ್ಕಳು ಮೇಣದ ಬತ್ತಿ ಚುಚ್ಚಿದ ಕಿತ್ತಳೆ ಹಿಡಿಯುವ ಚರ್ಚಿನ ಪ್ರಾರ್ಥನೆ ಅದು, ಇದರ ಮೇಲೆ ನನಗೆ ಪ್ರೀತಿ ಜಾಸ್ತಿ. 1747ರಲ್ಲಿ ಜರ್ಮನಿಯ ಮೊರೇವಿಯನ್ ಕ್ರೈಸ್ತರ ಪಾದ್ರಿಯೊಬ್ಬರು ಮಕ್ಕಳಿಗೆ ಕೆಂಪು ಪಟ್ಟಿ ಕಟ್ಟಿದ ಮೇಣದ ಬತ್ತಿ ಕೊಟ್ಟರಂತೆ, ಅಲ್ಲಿಂದ ಶುರು. ಇಂಗ್ಲೆಂಡಿನ ಮನೆಮನೆಗೆ ಇದು ಹಬ್ಬಿದ್ದು ಮಾತ್ರ ನಮ್ಮ ಊರಿನಿಂದ. ಕಷ್ಟದಲ್ಲಿರುವ ಮಕ್ಕಳಿಗಾಗಿ ದುಡಿಯುವ ಚಿಲ್ಡ್ರನ್ಸ್ ಸೊಸೈಟಿ 1968ರಲ್ಲಿ ತನ್ನ ಮೊದಲ ಕ್ರಿಸ್ಟಿಂಗಲ್ ಪ್ರಾರ್ಥನೆ ನಡೆಸಿದ್ದು ಗುಡ್ಡದ ಮೇಲಿನ ಲಿಂಕನ್ ಕ್ಯಾಥೆಡ್ರಲ್‌ನಲ್ಲಿ. ಪ್ರತಿ ಮಗುವಿನ ಕೈಗೂ ಒಂದು ಕಿತ್ತಳೆ ಹಣ್ಣು. ಅದರ ಸೊಂಟಕ್ಕೆ ಕೆಂಪು ಪಟ್ಟಿ, ನಾಲ್ಕು ಕಡೆ ಚುಚ್ಚಿದ ಕಡ್ಡಿಗಳಲ್ಲಿ ದ್ರಾಕ್ಷಿ, ಮಿಠಾಯಿ, ನೆತ್ತಿಯಲ್ಲಿ ಪುಟ್ಟ ಮೇಣದ ಬತ್ತಿ. ಹಣ್ಣೇ ಲೋಕ, ನಾಲ್ಕು ಕಡ್ಡಿ ನಾಲ್ಕು ಋತು, ಪಟ್ಟಿ ಕ್ರಿಸ್ತನ ಪ್ರೀತಿ ಮತ್ತು ರಕ್ತ, ಬತ್ತಿ ಅವನ ಬೆಳಕು. ದೀಪ ಆರಿಸಿ ನೂರಾರು ಮಕ್ಕಳು ಒಟ್ಟಿಗೆ ಈ ಹಣ್ಣುಗಳನ್ನು ಎತ್ತಿ ಹಿಡಿದಾಗ, ಬಿಸಿಗೆ ಬೆವರಿದ ಕಿತ್ತಳೆ ಸಿಪ್ಪೆಯ ವಾಸನೆ ಮೇಣದ ವಾಸನೆಯ ಜೊತೆ ಸೇರಿ ಆ ಎತ್ತರದ ಕಲ್ಲಿನ ಕಂಬಗಳ ನಡುವೆ ನಿಲ್ಲುತ್ತದೆ. ಕಾರ್ತಿಕದ ದೀಪೋತ್ಸವ ಕಂಡವಳಿಗೆ ಅದು ಪರಕೀಯವಾಗುವುದು ಹೇಗೆ? ಹೊಸಬರೆಂದು ಯಾರೂ ಕೇಳುವುದಿಲ್ಲ. ಹಿಂದಿನ ಸಾಲಿನಲ್ಲಿ ಕೂತುಕೋ, ಎಲ್ಲರೂ ಎದ್ದಾಗ ಎದ್ದು ನಿಲ್ಲು, ಹಾಡಿನ ಹಾಳೆ ಕೈಗೆ ಕೊಡುತ್ತಾರೆ. ಕಾಣಿಕೆಯ ತಟ್ಟೆಗೆ ಕೈಲಾದದ್ದು ಹಾಕು. ಮಗನ ಉದ್ದ ಕೂದಲಿದ್ದರೆ ಹಿಂದಕ್ಕೆ ಕಟ್ಟು, ಬತ್ತಿ ಹತ್ತಿರವಿರುತ್ತದೆ.

ಆ ಕಡ್ಡಿಯ ಮಿಠಾಯಿ ತಿನ್ನುವ ಮೊದಲು ಕೇಳಿಕೋ. ರಬ್ಬರಿನಂತೆ ಜಗಿಯುವ ಮಿಠಾಯಿಗಳಲ್ಲಿ ಜೆಲಾಟಿನ್, ಅಂದರೆ ಪ್ರಾಣಿಯ ಚರ್ಮ, ಮೂಳೆಗಳಿಂದ ತೆಗೆದದ್ದು, ಇರುವುದೇ ಹೆಚ್ಚು. ಶಾಲೆಯ ಸಂತೆಯಲ್ಲಿ ಬಿಸಿಬಿಸಿ ‘ಮಿನ್ಸ್ ಪೈ’ ಕೊಡುತ್ತಾರೆ. ಮಿನ್ಸ್ ಎಂದರೆ ಕೊಚ್ಚಿದ ಮಾಂಸವಲ್ಲವೇ ಎಂದು ಹೆಸರು ಕೇಳಿ ಹಿಂಜರಿಯಬೇಡ, ಒಳಗಿರುವುದು ಒಣದ್ರಾಕ್ಷಿ, ಸೇಬು, ಮಸಾಲೆಯ ಸಿಹಿ ಹೂರಣ, ಥೇಟ್ ನಮ್ಮ ಕರ್ಜಿಕಾಯಿಯ ದೂರದ ನೆಂಟ. ಆದರೆ ಆ ಹೂರಣಕ್ಕೆ ‘ಸೂಯೆಟ್’ ಎಂಬ ದನದ ಕೊಬ್ಬು ಹಾಕುವ ಪದ್ಧತಿ ಹಳೆಯದು. ಈಗ ಅಂಗಡಿಯವು ಬಹಳಷ್ಟು ಸಸ್ಯದ ಕೊಬ್ಬಿನವೇ, ಪೆಟ್ಟಿಗೆಯ ಮೇಲೆ ಸಸ್ಯಾಹಾರಿ ಎಂದು ಬರೆದಿದೆಯೇ ನೋಡು, ಮನೆಯಲ್ಲಿ ಮಾಡಿದ್ದಾದರೆ ಬಾಯಿ ಬಿಟ್ಟು ಕೇಳು. ಕೆಲವರು ಬ್ರಾಂದಿಯನ್ನೂ ಬೆರೆಸುತ್ತಾರೆ. ಲವಂಗ, ದಾಲ್ಚಿನ್ನಿ ಹಾಕಿ ಕುದಿಸಿದ ಕೆಂಪು ಪಾನೀಯ ವೈನ್. ಪಕ್ಕದಲ್ಲೇ ಸೇಬಿನ ರಸದ್ದು ಇರುತ್ತದೆ, ಮಗನಿಗೆ ಅದು.

ಒಂದು ಎಚ್ಚರಿಕೆ. ಹಳೆಯ ಮಾಹಿತಿ ನಂಬಿ ಹೊರಡಬೇಡ. ಲಿಂಕನ್‌ನ ಕ್ರಿಸ್‌ಮಸ್ ಮಾರುಕಟ್ಟೆಗೆ ಹೋಗಲೇಬೇಕು ಎಂದು ನಿನ್ನ ಯಜಮಾನರ ಗೆಳೆಯರು ಹೇಳಿದರಂತೆ. 1982ರಲ್ಲಿ ಜರ್ಮನಿಯ ಮಾದರಿಯಲ್ಲಿ ಶುರುವಾಗಿ ಕೋಟೆ ಮತ್ತು ಕ್ಯಾಥೆಡ್ರಲ್ ಸುತ್ತ ನಡೆಯುತ್ತಿದ್ದ ಆ ಸಂತೆಯನ್ನು, ಜನ ಮಿತಿಮೀರಿ ಸೇರಿ ಸುರಕ್ಷತೆ ಕಷ್ಟವಾಯಿತು ಎಂದು ನಗರಸಭೆ 2023ರಲ್ಲಿ ನಿಲ್ಲಿಸಿತು. ಸ್ಟೀಪ್ ಹಿಲ್‌ನ ಕಲ್ಲುಹಾಸಿನ ಏರಿನಲ್ಲಿ ಹೆಜ್ಜೆ ಇಡಲು ಜಾಗವಿಲ್ಲದ ಆ ಸಂಜೆಗಳನ್ನು ಕಂಡ ನನಗೆ ಆ ನಿರ್ಧಾರ ಸರಿ ಎನಿಸಿದರೂ ಸಂಕಟವೂ ಆಯಿತು. ಈಗ ಏನೇನು ನಡೆಯುತ್ತದೆ ಎಂಬುದು ಗ್ರಂಥಾಲಯದ ಬಾಗಿಲಲ್ಲಿ, ಅಂಚೆ ಕಚೇರಿಯ ಕಿಟಕಿಯಲ್ಲಿ, ಚರ್ಚಿನ ಮೊಗಸಾಲೆಯಲ್ಲಿ ಅಂಟಿಸಿದ ಈ ವರ್ಷದ ಕಾಗದಕ್ಕೇ ಗೊತ್ತು. ದೀಪಾಲಂಕೃತ ಬಂಡಿಯಲ್ಲಿ ಸಾಂತಾ ಬೀದಿ ಬೀದಿ ಸುತ್ತುವ ದಿನಗಳ ಪಟ್ಟಿ ಅಲ್ಲಿದ್ದರೆ ಬರೆದುಕೋ. ಡಬ್ಬಿಗೆ ಚಿಲ್ಲರೆ ಹಾಕಬೇಕು, ಅದು ಯಾವುದಾದರೂ ದಾನಕ್ಕೆ ಹೋಗುತ್ತದೆ.

ನೆರೆಯವರಿಂದ ಶುಭಾಶಯದ ಕಾರ್ಡುಗಳೂ ಬಿದ್ದಾವು, ಹೆಸರಿನ ಬದಲು ಮನೆಯ ನಂಬರ್ ಬರೆದು. ಪ್ರತಿಯೊಂದಕ್ಕೂ ನಿನ್ನದೊಂದು ಕಾರ್ಡ್ ಹಿಂದಿರುಗಿ ಹೋಗಲಿ, ನಿಮ್ಮ ಮೂವರ ಹೆಸರನ್ನು ಬಿಡಿಸಿ ಬರೆ, ಹೆಸರು ಕಲಿಯಲು ಅವರಿಗೂ ಅದೊಂದೇ ದಾರಿ. ನಾನು ಕಾರ್ಡಿನ ಜೊತೆ ಒಂದು ತಟ್ಟೆಯನ್ನೂ ಒಯ್ಯುತ್ತೇನೆ. ಮಂಗಳೂರಿನಲ್ಲಿ ನಮ್ಮ ಪಕ್ಕದ ಮನೆಯ ಬಾಯಮ್ಮ ಪ್ರತಿ ಕ್ರಿಸ್‌ಮಸ್‌ಗೂ ಕುಸ್ವಾರ್ ಎಂಬ ಹಬ್ಬದ ತಿಂಡಿಗಳನ್ನು ಕಳಿಸುತ್ತಿದ್ದರು, ಕಸೂತಿ ಬಟ್ಟೆ ಮುಚ್ಚಿದ ತಟ್ಟೆಯಲ್ಲಿ ನೆವ್ರಿ, ಕಿಡಿಯೊ, ಗುಳಿಯೊ. ಅಮ್ಮ ಆ ತಟ್ಟೆಯನ್ನು ಎಂದೂ ಬರಿದಾಗಿ ಹಿಂದಿರುಗಿಸಲಿಲ್ಲ. ಅದೇ ಲೆಕ್ಕ ಇಲ್ಲೂ ನಡೆಯುತ್ತದೆ. ನೀನು ಚಕ್ಕುಲಿ ಚೆನ್ನಾಗಿ ಮಾಡುತ್ತೇನೆ ಎಂದಿದ್ದೀಯ, ಮಾಡು. ಎಳ್ಳು, ಗೋಡಂಬಿ ಹಾಕಿದ್ದರೆ ಚೀಟಿಯಲ್ಲಿ ಬರೆದಿಡು, ಅಲರ್ಜಿ ಇರುವವರು ಬಹಳ.

ಮುಂದಿನ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ನಮ್ಮ ಬಡಾವಣೆಯ ಸಭಾಂಗಣದಲ್ಲಿ ಸಂತೆಯಿದೆ, ಚಹಾ ಕೊಡುವ ಮೇಜಿನಲ್ಲಿ ನಾನಿರುತ್ತೇನೆ. ಅದರ ಕಾಗದ ನಿನ್ನ ಬೀದಿಗೂ ಹಾಕಿದ್ದೇವೆ. ಆದರೂ ಇದು ನಿನ್ನ ಮೊದಲ ವರ್ಷ, ಕಾಗದದಿಂದ ನಿನ್ನ ಕಾಲು ಏಳಲಿಕ್ಕಿಲ್ಲ. ವಿಳಾಸ ಕಳಿಸು. ಶುಕ್ರವಾರ ಸಂಜೆ ಕುಂಕುಮದ ಬಟ್ಟಲು ಹಿಡಿದು ನಾನೇ ಬಂದು ಕರೆಯುತ್ತೇನೆ. ಮಗನಿಗೆ ಕೈಗವಸು ತೆಗೆದಿಡು, ಬರುವಾಗ ಕತ್ತಲಾಗಿರುತ್ತದೆ.